ಕೋಬೆಯ ಮಾತು

ಒಳಕೋಣೆಯಿಂದ ಮತ್ತೆ ನಗು ಕೇಳಿಸಿತು. ದೇರಪ್ಪ ಮಸಿ ರೋಲರನ್ನು ಅಚ್ಚಿನ ಕಲ್ಲಿನ ಮೇಲೆಯೇ ಬಿಟ್ಟು ಬಾಗಿಲಿಗೆ ಬಂದ. ಮೇಜಿನ ಆ ಬದಿ ಅವನ ಹೆಂಡತಿ ಯಮುನ, ಈ ಬದಿ ಸೈಕಲ್ಲಿನಲ್ಲಿ ರೇಷ್ಮೆ ಮಾರುವ ಚೀನಿಯವ ಲಿನ್. ಅವಳು ಪುಸ್ತಕವನ್ನು ಜಪಾನಿಯಲ್ಲಿ ಓದಬೇಕು, ಅವನು ಚೀನಿಯಲ್ಲಿ ಬರೆಯಬೇಕು. ಕುಂಚ ಒಣಗಿತ್ತು, ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಈ ಜೋಡಿಯನ್ನು ಕೂರಿಸಿದವನು ದೇರಪ್ಪನೇ. ಶಾಂಘೈ ಕಡೆಯೂ ಕಿತ್ತಳೆ ತೋಟವಿದ್ದ ಸಿದ್ದಾಪುರದ ಬಿಳಿಯ ದೊರೆ, ಕಸಿ ಕಟ್ಟುವ ಜಪಾನಿ ಪುಸ್ತಕವೊಂದನ್ನು ಅಲ್ಲಿನ ಆಳುಗಳಿಗಾಗಿ ಚೀನಿಯಲ್ಲಿ ಅಚ್ಚು ಹಾಕಿಕೊಡು ಎಂದಿದ್ದ. ಕಲ್ಲಚ್ಚಿಗೆ ಅಕ್ಷರದ ಮೊಳೆ ಬೇಡ, ಕೈಬರಹ ಸಿಕ್ಕರೆ ಸಾಕು. ಆದರೆ ಎರಡೂ ಭಾಷೆ ಬಲ್ಲವರಿಗಾಗಿ ಮದರಾಸು, ಮೈಸೂರಿಗೆಲ್ಲ ಬರೆದರೂ ಯಾರೂ ಸಿಗಲಿಲ್ಲ. ಕೊನೆಗೆ ಶನಿವಾರಸಂತೆಯಲ್ಲಿ ಲಿನ್ ಸಿಕ್ಕ. ಜಪಾನಿನ ಕೋಬೆ ಬಂದರಿನಲ್ಲಿ ಬೆಳೆದವನು. ಆ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಯಮುನಳ ಅಪ್ಪ ಅದೇ ಕೋಬೆಯಲ್ಲಿ ಬೊಂಬಾಯಿ ವ್ಯಾಪಾರಿಯೊಬ್ಬನ ಗುಮಾಸ್ತನಾಗಿದ್ದ. ಅವಳು ಶಾಲೆ ಕಲಿತದ್ದು ಅಲ್ಲಿಯೇ. ಅಂದು ದೇರಪ್ಪನ ಕಾಲು ನೆಲದ ಮೇಲಿರಲಿಲ್ಲ.

"ಎಂತ ನಗು ಅದು?" ಎಂದು ಕೇಳಿದ.

"ಕೋಬೆಲಿ ಸೇತುವೆ ಹತ್ರ ಒಬ್ಬಳು ಮುದುಕಿ ಗೆಣಸು ಸುಟ್ಟು ಮಾರ್ತಿದ್ದಳು. ಇವನೂ ಅವಳ ಕೈಲಿ ಬೈಸಿಕೊಂಡವನೇ," ಎಂದಳು ಯಮುನ.

"ಅದರಲ್ಲಿ ನಗುವಂಥದ್ದು ಎಂತ?"

"ಅವಳು ಬೈದದ್ದನ್ನ ಕನ್ನಡಲಿ ಹೇಳಿರೆ ನಗು ಬಾದಿಲ್ಲೆ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಹೀಗೆ ನಕ್ಕದ್ದನ್ನು ದೇರಪ್ಪ ಕಂಡಿರಲಿಲ್ಲ. ಕೋಬೆಯ ಬಗ್ಗೆ ತಾನು ಒಂದು ಸಲವೂ ಕೇಳಿರಲಿಲ್ಲ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ. ಲಿನ್‌ನ ಒದ್ದೆ ಕಣ್ಣುಗಳಷ್ಟೇ ಕಂಡವು, ಹೊಟ್ಟೆ ಉರಿಯಿತು.

ಯಮುನ ಕಾಫಿ ಮಾಡಲು ಎದ್ದುಹೋದಾಗ ಅವನು ಪುಸ್ತಕ ಮುಚ್ಚಿದ. "ಕೆಲಸ ಸಾಕು. ನಾಳೆಯಿಂದ ಬರೋದು ಬೇಡ."

ಓದದ ಅರ್ಧ ಪುಸ್ತಕವನ್ನು ಲಿನ್ ನೋಡಿದ. ಬಳಿಕ ದೇರಪ್ಪನ ಮುಖವನ್ನು. ಕುಂಚ ತೊಳೆದು, ಗಂಟನ್ನು ಸೈಕಲ್ಲಿಗೆ ಬಿಗಿದು ಹೊರಟುಹೋದ. ಯಮುನ ಎರಡು ಲೋಟ ಹಿಡಿದು ಬಂದಳು, ಖಾಲಿ ಕುರ್ಚಿ ಕಂಡಳು. ಎರಡನ್ನೂ ಗಂಡನ ಮುಂದಿಟ್ಟಳು.

ಮರುವಾರ ಅಚ್ಚಾದ ಪುಸ್ತಕ ಕೇಳಿಕೊಂಡು ದೊರೆಯ ಕಾರು ಬಾಗಿಲಿಗೆ ಬಂತು. ದೇರಪ್ಪ ಪುಸ್ತಕ ಹಿಡಿದು ಅಡುಗೆಮನೆಗೆ ಓಡಿದ. "ಮೈಸೂರಿಂದ ಹಲ್ಲು ಕಟ್ಟುವ ಚೀನಿ ಮುದುಕನನ್ನ ಕರೆಸ್ತೇನೆ. ಉಳಿದದ್ದನ್ನ ನೀನು ಕನ್ನಡಲಿ ಹೇಳಿರೆ ಸಾಕು, ಬರೆದುಕೊಡ್ತಾನೆ."

ಯಮುನ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಪುಟಗಳನ್ನು ಒಂದೊಂದಾಗಿ ತಿರುವಿದಳು. ಪುಸ್ತಕವನ್ನು ಅವನ ಕೈಗೇ ಕೊಟ್ಟಳು.

"ನಂಗೆ ಆ ಭಾಷೆ ಮರ್ತ್ ಹೋತ್."