ನೋಡಿದವರು

ಮೂವತ್ತು ವರ್ಷದ ಹಿಂದೆ ಕೊಲೆಯಾದ ಕಸ್ತೂರಿಯ ಪ್ರಕರಣವನ್ನು ಪೊಲೀಸರು ಮತ್ತೆ ಕೈಗೆತ್ತಿಕೊಂಡರು. ಆಗ ಅವಳಿಗೆ ಹದಿನಾರು. ನೋಡಿದವರು ಯಾರಿದ್ದರೂ ಬಂದು ಹೇಳಿ, ಹೆಸರು ಗುಟ್ಟಾಗಿಡುತ್ತೇವೆ ಎಂದು ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿಯಲ್ಲೂ ಸಾರಿದರು. ಹಿಂದೆಯೂ ಹೀಗೆ ಸಾರಿದ್ದರು. ಯಾರೂ ಬಂದಿರಲಿಲ್ಲ.

ಮರುದಿನ ಕಸ್ತೂರಿಯ ತಾಯಿ ನೀಲವ್ವ, ಸಾವಂತ್ರವ್ವನ ಮನೆಗೆ ಬಂದಳು. ಸಾವಂತ್ರವ್ವ ಹಿಂದೆ ಅವರ ನೆರೆಮನೆಯವಳು. ಕೊಲೆಯಾದ ವಾರದಲ್ಲೇ ಆ ಓಣಿ ಬಿಟ್ಟಿದ್ದಳು.

"ನೀ ಏನೋ ನೋಡಿದಿ. ಅವತ್ತಿಂದ ನನ್ನ ಮಾರಿ ನೋಡಿ ಮಾತಾಡಿಲ್ಲ."

"ನಾ ಏನೂ ನೋಡಿಲ್ಲವ್ವಾ."

"ಮಗಳನ್ನ ಮಣ್ಣು ಮಾಡಿದಾಗಿಂದ ಒಂದಿನ ನೆಟ್ಟಗ ನಿದ್ದಿ ಬಂದಿಲ್ಲ ನನಗ. ನಿನ್ನ ಕಾಲಿಗೆ ಬೀಳ್ತೀನಿ, ಹೇಳಿಬಿಡು."

ನೀಲವ್ವ ನಿಜವಾಗಿಯೂ ಬಗ್ಗಿ ಕಾಲು ಹಿಡಿದಳು. ಸಾವಂತ್ರವ್ವನಿಗೆ ತಡೆಯಲಾಗಲಿಲ್ಲ. ಅವಳನ್ನು ಎಬ್ಬಿಸಿ ಕೂಡಿಸಿ, ತಾನೇ ಅಳತೊಡಗಿದಳು.

"ಹೆಂಗ ಹೇಳಲವ್ವಾ? ಹತ್ತಿ ಮಿಲ್ಲಿನ ಹಿಂದ ಆಕಿ ಕುತ್ತಿಗಿ ಒತ್ತಿದಾಂವ ನಿನ್ನ ಮಗ ಈರಣ್ಣ. 'ಇನ್ನೂ ಆ ಹುಡುಗನ ಜೋಡಿ ಮಾತಾಡ್ತಿಯೇನು' ಅಂತ ಕೇಳ್ಕೋತನ ಒತ್ತಿದ. ಹೆತ್ತಾಕಿ ನಿನಗ ಹೇಳೂ ಧೈರ್ಯ ಇರಲಿಲ್ಲ. ಈಗ ಹೇಳೀನಿ. ನಾಳೆ ಸ್ಟೇಷನ್ನಿಗೂ ಹೋಗಿ ಹೇಳ್ತೀನಿ."

ನೀಲವ್ವ ಅಳಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು, ಸಾವಂತ್ರವ್ವನ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಕೇಳಿದಳು:

"ನಿನ್ನ ಬಿಟ್ರ ಬ್ಯಾರೆ ಯಾರೂ ನೋಡಿಲ್ಲಲ್ಲ?"