ಸುಟ್ಟ ಕಾಗದದ ಚುಕ್ಕೆಗಳು

"ಸರ್, ನಿಮ್ಮ ಹಳೇ ಲೆಕ್ಕ ತಪ್ಪಿದೆ ಅನ್ನಿಸುತ್ತೆ." ಸಂಶೋಧನಾ ವಿದ್ಯಾರ್ಥಿನಿ ಸುಟ್ಟ ಕಾಗದವೊಂದನ್ನು ಪ್ರೊಫೆಸರರ ಮೇಜಿನ ಮೇಲಿಟ್ಟಳು. ಅದು ಹಾರದಿರಲೆಂದು ಅವರೇ ಎದ್ದು ಫ್ಯಾನ್ ಆರಿಸಿದರು, ಅವಳಿಗೆ ಕುರ್ಚಿ ಎಳೆದುಕೊಟ್ಟರು.

ಲೇಸರ್ ಕಿರಣ ಬಿದ್ದು ಸುಟ್ಟ ಗುರುತು ಅದು. ಅದೇ ಕಿರಣ ಮುಂದೆ ಪ್ಲಾಸ್ಮಾ ಎಂಬ ಕುದಿಯುವ ಅನಿಲದೊಳಗೆ ಹಾಯಬೇಕಿತ್ತು. ಕಿರಣ ಒಂದೇ ಸಮನಾಗಿದ್ದರೆ ಗುರುತೂ ಒಂದೇ ಸಮ ಇರಬೇಕಿತ್ತು. ಇದರ ತುಂಬ ಸಿಡುಬಿನ ಕಲೆಗಳಂಥ ಕಪ್ಪು ಚುಕ್ಕೆಗಳು.

"ಸರಾಸರಿ ತೀವ್ರತೆ ಮಿತಿಯೊಳಗಿದ್ದರೆ ಪ್ಲಾಸ್ಮಾ ಕದಡಲ್ಲ ಅಂತ ನೀವು ಬರೆದಿದ್ದೀರಿ. ಆದರೆ ಈ ಚುಕ್ಕೆಗಳಲ್ಲಿ ತೀವ್ರತೆ ಐದು ಪಟ್ಟು ಹೆಚ್ಚು, ಸರ್. ಅಲೆ ಏಳೋದೂ ಅಲ್ಲೇ, ಬೆಳಕು ವಾಪಸ್ ಚಿಮ್ಮೋದೂ ಅಲ್ಲಿಂದಲೇ. ಮನೇಲಿ ನಾಲ್ವರು ತಣ್ಣಗಿದ್ದರೇನು, ಒಬ್ಬ ಸಿಡುಕ ಸಾಕಲ್ವಾ ಜಗಳಕ್ಕೆ?"

"ನಮ್ಮನೇಲಿ ಆ ಒಬ್ಬ ನಾನೇ ಅಂತಾಳೆ ನನ್ನ ಹೆಂಡತಿ." ನಗುತ್ತಲೇ ಕನ್ನಡಕ ಏರಿಸಿ, ಅವಳ ಪ್ರಬಂಧದ ಆ ಅಧ್ಯಾಯವನ್ನು ಪೂರ್ತಿ ಓದಿದರು. ನಡುವೆ ತಮ್ಮ ಫ್ಲಾಸ್ಕಿನಿಂದ ಅವಳಿಗೆ ಟೀ ಬಗ್ಗಿಸಿದರು. ಅರ್ಧ ಚಮಚ ಸಕ್ಕರೆ ಸಾಕೆನ್ನುವುದು ಅವರಿಗೆ ನೆನಪಿತ್ತು.

ಅವಳ ಐದು ವರ್ಷದ ದುಡಿಮೆ. ಸಲ್ಲಿಸಲು ನಾಳೆಯೇ ಕೊನೆಯ ದಿನ. ಅವರ ಸಹಿಯಿಲ್ಲದೆ ಪ್ರಬಂಧ ಮುಂದಕ್ಕೆ ಹೋಗುವಂತಿರಲಿಲ್ಲ.

"ಸರಿಯಾಗೇ ಇದೆಯಮ್ಮ," ಎಂದರು ಕೊನೆಗೆ. "ಈ ಅಧ್ಯಾಯ ತೆಗೆದು ತಾ. ಸಂಜೆಯೇ ಸಹಿ ಹಾಕ್ತೀನಿ."

"ಸರಿಯಿದ್ದರೆ ಯಾಕೆ ಸರ್ ತೆಗೀಬೇಕು?"

"ನನ್ನ ಲೆಕ್ಕ ನಂಬಿಕೊಂಡು ಅಷ್ಟು ದೊಡ್ಡ ಲೇಸರ್ ಯಂತ್ರ ಕಟ್ಟುತ್ತಾ ಇದ್ದಾರೆ. ಈಗ ಹೋಗಿ ತಪ್ಪು ಅನ್ನಲಾ? ಇಪ್ಪತ್ತು ವರ್ಷದ ಕೆಳಗೆ ಇನ್ನೊಬ್ಬನೂ ಇದನ್ನೇ ತಂದಿದ್ದ. ನನ್ನ ವಿದ್ಯಾರ್ಥಿಯೇ. ನಿನಗಿಂತ ಒಂದು ಕೈ ಚುರುಕು."

"ಅವರ ಪ್ರಬಂಧ ಏನಾಯ್ತು?"

"ತೆಗೆಯಲ್ಲ ಅಂದ. ನಾನು ಸಹಿ ಹಾಕಲಿಲ್ಲ." ಗಾಜಿನ ಗೋಡೆಯಾಚೆ ಪ್ರಯೋಗಾಲಯದಲ್ಲಿ ಕೂತು ಮಸೂರ ಒರೆಸುತ್ತಿದ್ದ ನರೆಗೂದಲಿನ ಸಹಾಯಕನತ್ತ ಅವರು ಕಣ್ಣು ಹಾಯಿಸಿದರು. "ಹಾಗಂತ ಬೀದಿಪಾಲು ಮಾಡಲಿಲ್ಲ. ಇಲ್ಲೇ ಕೆಲಸ ಕೊಡಿಸಿದೆ. ಇವತ್ತಿಗೂ ನನ್ನ ಕಂಡರೆ ಎಷ್ಟು ಗೌರವ ಅವನಿಗೆ."

ಅವಳೂ ತಿರುಗಿ ನೋಡಿದಳು. ಇಬ್ಬರ ಕಣ್ಣೂ ತನ್ನ ಮೇಲಿರುವುದು ಕಂಡು, ಕರೆದರೇನೋ ಎಂದುಕೊಂಡು, ಆತ ಮಸೂರವನ್ನು ಜೋಪಾನವಾಗಿ ಕೆಳಗಿಟ್ಟು ಎದ್ದು ನಿಂತ.