ಬಳೆ ಒಡೆದ ಕೈ

ಯುದ್ಧದ ಕಾಲದಲ್ಲಿ ಇಂದುಮತಿ ನಾಯಕಿಯಾಗಿ ಹಾಡಿ ಕುಣಿದಿದ್ದ ಆ ಸಿನಿಮಾವನ್ನು ಅವಳ ಗಂಡ ನೋಡಿರಲೇ ಇಲ್ಲ. ಅದು ತೆರೆಕಂಡಾಗ ಅವನು ಗಡಿಯಲ್ಲಿದ್ದ. ಈಗ ಇಬ್ಬರ ತಲೆಯೂ ನರೆತ ಮೇಲೆ ಯಾರೋ ಅಭಿಮಾನಿಗಳು ಅದರ ಮರುಪ್ರದರ್ಶನಕ್ಕೆ ಕರೆದು, ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

ತೆರೆಯ ಮೇಲೆ ಹೆಂಗಸರು ಸಿಪಾಯಿಗಳಿಗೆ ಸ್ವೆಟರ್ ಹೆಣೆಯುತ್ತ ಹಾಡುತ್ತಿದ್ದರು. ನಡುವೆ ನಾಯಕಿಯ ಗಂಡ ಸತ್ತ ತಂತಿ ಬಂತು. ಹಾಡು ನಿಂತಿತು. ಎರಡು ಕೈಗಳಷ್ಟೇ ತೆರೆ ತುಂಬಿದವು. ಮಣಿಕಟ್ಟಿನಲ್ಲಿ ಸಣ್ಣ ಹಚ್ಚೆ. ಬಳೆಗಳು ಕಲ್ಲಿಗೆ ಬಡಿದು ಚೂರಾದವು.

ಗಂಡ ಮುಂದಕ್ಕೆ ಬಾಗಿದ. “ಇದು ನಿನ್ನ ಕೈಯಲ್ಲ.”

“ನೀವು ಗಡೀಲಿರುವಾಗ ನಾನು ಬಳೆ ಒಡ್ಕೋತೀನಾ? ಆಗಲ್ಲ ಅಂತ ಕೂತುಬಿಟ್ಟೆ. ಹಾಡಿನ ಗುಂಪಿನ ಹುಡುಗಿ ಒಬ್ಬಳು ತಾನಾಗೇ ಬಂದು ನನ್ನ ಬದಲಿಗೆ ತನ್ನ ಕೈ ಒಡ್ಡಿದಳು. ಅದಕ್ಕೇ ನೀವು ಬದುಕಿ ಬಂದ್ರಿ.”

“ಬಳೆ ಸಿನಿಮಾ ಕಂಪನಿಯದಾ?”

“ಕಂಪನಿ ಬಳೆ ಬೇಡ ಅಂದಳು. ತನ್ನ ಕೈಯಲ್ಲಿದ್ದವನ್ನೇ ಒಡೆದಳು. ಆಮೇಲೆ ಪಾಪ, ಸಮಾಧಾನ ಮಾಡಿದ್ರೂ ಅಳು ನಿಲ್ಲಲಿಲ್ಲ. ಹೆಸರು ಕೇಳೋಕೂ ಮರೆತೆ ನೋಡಿ.”

ಹಾಡು ಮತ್ತೆ ಶುರುವಾಯಿತು. ಗಂಡ ಅವಳ ಹಿಡಿಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

“ಆ ಬಳೆ ತೊಡಿಸಿದ್ದು ನಾನು,” ಅಂದ.